ತಂಗಿಗಾಗಿ ತಗ್ಗಿದ ಕಾರು

ಗಂಡಸರ ತಲೆಗೆ ಹೊಸ ಯೋಚನೆ ಬಂದಿದೆ ಎಂದು ಗೊತ್ತಾದ ಕೂಡಲೇ ಮನೆಯ ಹೆಂಗಸರು ಮಾಡಬೇಕಾದ ಮೊದಲ ಕೆಲಸವೆಂದರೆ ಒಲೆಯ ಮೇಲಿನ ಹಾಲು ಇಳಿಸುವುದು. ಆಮೇಲೆ ಒಲೆಯ ಕಡೆ ತಿರುಗಿ ನೋಡಲು ಪುರುಸೊತ್ತು ಸಿಗುವುದಿಲ್ಲ. ಶಿಕಾರಿಪುರದ ನಾಗರಾಜನ ಹೆಂಡತಿ ವಾಣಿಶ್ರೀ ಆ ಭಾನುವಾರ ಹಾಲು ಇಳಿಸಲು ಮರೆತಳು. ಉಕ್ಕಿತು. ಆ ವಾರ ಆ ಮನೆಯಲ್ಲಿ ಹಾಳಾದ ವಸ್ತುಗಳಲ್ಲಿ ಅದು ಮೊದಲನೆಯದು.

ನಾಗರಾಜನದು ಪಂಪ್‌ಸೆಟ್ ಮೋಟಾರುಗಳಿಗೆ ವೈಂಡಿಂಗ್ ಮಾಡುವ ಅಂಗಡಿ. ಸುಟ್ಟ ಮೋಟಾರುಗಳ ಹೊಟ್ಟೆ ಬಗೆದು ತಾಮ್ರದ ತಂತಿ ಸುತ್ತಿ ಸುತ್ತಿ, ನಟ್ಟು ಬೋಲ್ಟು ಇರುವ ಸಕಲ ಚರಾಚರ ವಸ್ತುಗಳೂ ತನ್ನ ಮಾತು ಕೇಳುತ್ತವೆ ಎಂಬ ನಂಬಿಕೆ ಅವನಲ್ಲಿ ಬೇರೂರಿತ್ತು. (ಮನೆಯ ಮಿಕ್ಸರ್ ಮಾತ್ರ ಎರಡು ವರ್ಷದಿಂದ ಕೇಳಿರಲಿಲ್ಲ. ಅದು ಹೆಂಡತಿ ತವರಿನಿಂದ ತಂದದ್ದು, ಅದಕ್ಕೇ ಮೊಂಡು ಎಂದು ಅವನ ಸಮಜಾಯಿಷಿ.)

ಅವನ ತಂಗಿ ಸ್ಪಂದನಳನ್ನು ಸೊರಬದ ಆಚೆ ಕುಪ್ಪಗಡ್ಡೆಗೆ ಕೊಟ್ಟಿದ್ದರು. ಅಪ್ಪ ತೀರಿಕೊಂಡಿದ್ದರಿಂದ ಮದುವೆಯಲ್ಲಿ ಅಪ್ಪನ ಜಾಗದಲ್ಲಿ ನಿಂತವನು ಇವನೇ. ಮದುಮಗಳನ್ನು ಕಳಿಸಲು ಇವನು ಗೊತ್ತು ಮಾಡಿದ್ದ ಬಾಡಿಗೆ ವ್ಯಾನು ಕುಪ್ಪಗಡ್ಡೆಯ ಕೆರೆ ಏರಿಯ ಮೇಲೆ ಕೆಟ್ಟು ನಿಂತಿತ್ತು. ಬೀಗತಿ ದ್ಯಾಮಮ್ಮ ಆ ಕಥೆಯನ್ನು ಊರಿಗೆಲ್ಲ ಹೇಳಿ, ಊರು ಮುಗಿದ ಮೇಲೆ ಮತ್ತೆ ಮೊದಲ ಮನೆಯಿಂದ ಶುರು ಮಾಡಿದ್ದಳು. “ನಮ್ಮ ಸೊಸೆ ಗಾಡೀಲಿ ಬಂದದ್ದಲ್ಲ ಮಾರಾಯ್ತಿ, ಗಾಡೀನೇ ನಮ್ಮೂರವರು ತಳ್ಕಂಡು ಬಂದದ್ದು.”

ಈಗ ಸ್ಪಂದನಳಿಗೆ ಏಳು ತಿಂಗಳು. ತವರಿನವರು ಬುತ್ತಿ ಕಟ್ಟಿಕೊಂಡು ಹೋಗಿ, ಮಡಿಲು ತುಂಬಿ, ಹೆರಿಗೆಗೆ ಕರೆತರಬೇಕು. ಗುರುವಾರ ಒಳ್ಳೆಯ ದಿನವಿತ್ತು. ಆ ದಿನ ತಂಗಿಯನ್ನು ತನ್ನ ಸ್ವಂತ ಕಾರಿನಲ್ಲಿ ಕೂರಿಸಿಕೊಂಡು, ಕುಪ್ಪಗಡ್ಡೆ ಇಡೀ ಬಾಯಿ ತೆರೆದು ನೋಡುವಂತೆ ಹೊರಡಬೇಕು ಎಂಬ ಒಂದೇ ಆಸೆಯ ಮೇಲೆ ನಾಗರಾಜನ ಜೀವ ನಿಂತಿತ್ತು. ತೊಡಕೆಂದರೆ, ಅವನ ಕಾರು ಹತ್ತು ವರ್ಷದ ಹಳೆಯದು. ಅದನ್ನು ನೋಡಿ ಯಾರಾದರೂ ಬಾಯಿ ತೆರೆಯಬೇಕಾದರೆ ಆಕಳಿಕೆಯೇ ಬರಬೇಕಿತ್ತು.

ಅದಕ್ಕೇ ಅವನು ತರಿಸಿದ್ದ ಪಾರ್ಸಲ್ಲು ಆ ಭಾನುವಾರ ಮನೆಗೆ ಬಂದಿತ್ತು.

“ರೀ, ಏನ್ರೀ ಇದು, ಇಷ್ಟು ಭಾರ ಐತೆ?” ಎಂದು ವಾಣಿಶ್ರೀ ಕೇಳಿದಳು.

“ಕಾರಿನ ಹಿಂದಿನ ಸ್ಪ್ರಿಂಗು. ಈಗಿರೋದಕ್ಕಿಂತ ಗಿಡ್ಡ. ಹಾಕಿದ್ರೆ ಕಾರು ಮೂರು ಬೆರಳು ತಗ್ಗುತ್ತೆ.”

“ತಗ್ಗಿಸೋಕೆ ಸ್ಪ್ರಿಂಗ್ ಯಾಕ್ರೀ? ತೊಗರ್ಸಿಯಿಂದ ನಮ್ಮ ದೊಡ್ಡಮ್ಮನ್ನ ಕರೆಸಿ ಹಿಂದೆ ಕೂರಿಸಿದ್ರೆ ಆಗ್ತಿತ್ತು.”

“ನಿನಗೆ ತಿಳಿಯಲ್ಲ ಸುಮ್ನಿರು. ತಗ್ಗಿದ ಕಾರು ರಸ್ತೆಗೆ ಅಂಟ್ಕೊಂಡು ಹೋಗುತ್ತೆ. ನೋಡೋಕೂ ಗತ್ತು, ಬಸುರಿಗೂ ಕುಲುಕಾಟ ಇಲ್ಲ.”

“ಹಂಗಂತ ಯಾರು ಹೇಳಿದ್ರು, ಡಾಕ್ಟ್ರಾ?”

“ವಿಡಿಯೋದಾಗೆ ತೋರಿಸಿದಾರೆ.”

“ಯಾವ ಭಾಷೇಲಿ?”

ನಾಗರಾಜ ಪಾರ್ಸಲ್ಲು ಬಿಚ್ಚತೊಡಗಿದ. (ಹಿಂದಿಯಲ್ಲಿ. ಅವನಿಗೆ ಬರುತ್ತಿದ್ದ ಹಿಂದಿಯಲ್ಲಿ ಒಂದು ಚಹಾ ಕೇಳಬಹುದಿತ್ತು. ಸಕ್ಕರೆ ಬೇಡ ಎನ್ನಲು ಬರುತ್ತಿರಲಿಲ್ಲ.) ಹಾಲು ಉಕ್ಕಿದ್ದು ಆಗಲೇ.

ಅಂಗಳದಲ್ಲಿ ಶಸ್ತ್ರಕ್ರಿಯೆ ಶುರುವಾಯಿತು. ಜಾಕ್ ಕೊಟ್ಟು ಕಾರಿನ ಹಿಂಭಾಗ ಎತ್ತಿ, ಕೆಳಗೆ ಮರದ ಕೊರಡು ಇಟ್ಟು, ಚಕ್ರ ಬಿಚ್ಚಿದ. ಆಮೇಲೆ ಒಂದು ಬೋಲ್ಟು ಬಿಚ್ಚಬೇಕಿತ್ತು. ಅದು ತುಕ್ಕು ಹಿಡಿದು, ಹತ್ತು ವರ್ಷದ ಸಂಸಾರ ಬಿಟ್ಟು ಬರಲಾರೆ ಎಂದು ಕೂತಿತ್ತು. ಮೊದಲು ಅಂಗಡಿಯ ಎಣ್ಣೆ ಬಿಟ್ಟ, ಆಮೇಲೆ ಬಚ್ಚಲುಮನೆಯ ಕೊಬ್ಬರಿ ಎಣ್ಣೆ, ಕೊನೆಗೆ ಬುತ್ತಿಯ ಕರ್ಜಿಕಾಯಿ ಕರಿಯಲು ತಂದಿಟ್ಟಿದ್ದ ಎಣ್ಣೆ. ಆಗ ವಾಣಿಶ್ರೀ ಒಳಗಿನಿಂದ ಕೂಗಿದ ಕೂಗಿಗೋ ಏನೋ, ಬೋಲ್ಟು ಬಿಟ್ಟುಕೊಂಡಿತು. ಹಳೆಯ ಸ್ಪ್ರಿಂಗು ತಾನಾಗಿ ಜಾರಿ ಬಂದು ನಾಗರಾಜನ ಪಾದಕ್ಕೆ ಬಿದ್ದು ನಮಸ್ಕಾರ ಮಾಡಿತು. ಅವನು ಒಂಟಿ ಕಾಲಲ್ಲಿ ಅಂಗಳವನ್ನು ಎರಡು ಸುತ್ತು ಬಂದ.

ಸಂಜೆಯ ಹೊತ್ತಿಗೆ ಎರಡೂ ಹೊಸ ಸ್ಪ್ರಿಂಗು ಒಳಗೆ ಕೂತವು. ಜಗಲಿಯ ಮೇಲೆ ಕೂತು ಎಲ್ಲವನ್ನೂ ನೋಡುತ್ತಿದ್ದ ತಾಯಿ ಗುಡ್ಡಮ್ಮ ನೆಲದ ಮೇಲಿನ ಒಂದು ರಬ್ಬರಿನ ಬಳೆ ಎತ್ತಿ ತೋರಿಸಿದಳು. “ಏ ನಾಗ, ಇದೊಂದು ಉಳೀತಲ್ಲೋ?”

“ಹೆಚ್ಚಿಗೆ ಒಂದು ಕಳಿಸಿರ್ತಾರೆ ಬಿಡವ್ವ.”

ಗುಡ್ಡಮ್ಮ ಅದನ್ನು ತೊಳೆದು ಒಳಗೆ ಒಯ್ದಳು.

“ಮುಂದಿಂದು ಯಾವಾಗ್ರೀ?” ಎಂದಳು ವಾಣಿಶ್ರೀ. ಮುಂದಿನ ಸ್ಪ್ರಿಂಗನ್ನು ಅದುಮಿ ಹಿಡಿಯಲು ಬೇರೆಯೇ ಸಾಮಾನು ಬೇಕು, ಇಲ್ಲದಿದ್ದರೆ ಅದು ಹಾರಿ ಮುಖಕ್ಕೆ ಬಡಿಯುತ್ತದೆ ಎಂದು ವಿಡಿಯೋದವನು ಕೈಸನ್ನೆಯಲ್ಲಿ ತೋರಿಸಿದ್ದ. ಆ ಕೈಸನ್ನೆಗೆ ಭಾಷೆ ಬೇಕಿರಲಿಲ್ಲ. ಆದ್ದರಿಂದ ನಾಗರಾಜ, “ಹಿಂದೆ ತಗ್ಗಿದ್ರೇನೇ ಚೆಂದ” ಎಂದುಬಿಟ್ಟ.

ಹೀಗೆ ಕಾರು ಮೂತಿ ಎತ್ತಿ, ಹಿಂದೆ ಕುಸಿದು ನಿಂತಿತು. ನಾಗರಾಜನ ಕಣ್ಣಿಗೆ ಅದು ಹಾರಲು ಸಜ್ಜಾದ ಹುಲಿ. ಗುಡ್ಡಮ್ಮ ಸುತ್ತ ಒಂದು ಸಲ ನಡೆದು ನೋಡಿ, “ನಮ್ಮ ಹಳೇ ಎಮ್ಮೆಗೂ ಹಿಂಗೇ ಹಿಂದಿನ ಕಾಲು ಬಿದ್ದಿದ್ವು. ಪಶು ಡಾಕ್ಟ್ರು ಏನೂ ಮಾಡಕ್ಕಾಗಲ್ಲ ಅಂದ್ರು” ಎಂದು ನಿಟ್ಟುಸಿರು ಬಿಟ್ಟಳು.

ಗುರುವಾರ ಬೆಳಿಗ್ಗೆ ರೊಟ್ಟಿ, ಹೋಳಿಗೆ, ಕರ್ಜಿಕಾಯಿ, ಚಕ್ಕುಲಿ ಎಂದು ನಾಲ್ಕು ಬುಟ್ಟಿ ಬುತ್ತಿ ಅಂಗಳಕ್ಕೆ ಬಂತು. ನಾಗರಾಜ ಡಿಕ್ಕಿಗೆ ಅಡ್ಡ ನಿಂತ.

“ಬುಟ್ಟಿ ಇದಕ್ಕೆ ಹಾಕಂಗಿಲ್ಲ. ಭಾರ ಬಿದ್ರೆ ಚಕ್ರ ಮೇಲಕ್ಕೆ ತಾಗುತ್ತೆ.”

“ಮತ್ತೆ ನಾವು?”

“ನೀನು, ಅವ್ವ, ಬುಟ್ಟಿ, ಮೂರೂ ಬಸ್ಸಿಗೆ ಬನ್ನಿ. ಹೆಂಗಸರಿಗೆ ಟಿಕೆಟ್ಟೂ ಇಲ್ಲ.”

“ಅಲ್ರೀ, ಬುತ್ತಿ ಹಿಡಿಸಲ್ಲ, ಮನುಷ್ಯರು ಹಿಡಿಸಲ್ಲ. ಇದು ಕಾರೋ, ಇಲ್ಲ ನಿಮಗೊಬ್ಬರಿಗೇ ಹೊಲಿಸಿದ ಪ್ಯಾಂಟೋ?”

“ಸ್ಪಂದನ ಒಬ್ಬಳು ಕೂರೋ ಹಂಗೆ ಲೆಕ್ಕ ಹಾಕಿದೀನಿ ಕಣೇ!” ಎಂದು ಹಿಂದಿನ ಸೀಟಿಗೆ ಹೊಸ ಜಮಖಾನ ಹಾಸಿ, ಅವರಿಗಿಂತ ಮೊದಲೇ ಹೊರಟುಬಿಟ್ಟ.

ರಸ್ತೆಗೆ ಅಂಟಿಕೊಂಡು ಹೋಗುವ ವಿಷಯದಲ್ಲಿ ವಿಡಿಯೋದವನು ಸುಳ್ಳು ಹೇಳಿರಲಿಲ್ಲ. ಪ್ರತಿ ಹಂಪಿನಲ್ಲೂ ಕಾರು ರಸ್ತೆಗೆ ಅಂಟಿತು, ಬಿಡಿಸಿಕೊಳ್ಳುವಾಗ ಕರಕರ ಎಂದಿತು. ಎಡಗಡೆಯಿಂದ ಒಂದು ಟಣ್ ಟಣ್ ಬೇರೆ. ಶಿರಾಳಕೊಪ್ಪದಲ್ಲಿ ಒಬ್ಬ ಹಮಾಲಿ ಕೈ ಅಡ್ಡ ಹಾಕಿ, “ಅಣ್ಣಾರೆ, ಶುಂಠಿ ಎಷ್ಟು ಚೀಲ ತುಂಬೀರಿ? ಅರ್ಧ ಇಳಿಸಿ ಹೋಗ್ರಿ, ಮುರಿದೀತು!” ಎಂದು ಕಳವಳದಿಂದ ಹೇಳಿದ. ನಾಗರಾಜ, ಇಂಥವರಿಗೆ ಹೊಸದು ಯಾವಾಗ ಅರ್ಥವಾಗಬೇಕು ಎಂದು ಮರುಕಪಟ್ಟು ಮುಂದೆ ಹೋದ.

ಕುಪ್ಪಗಡ್ಡೆಯಲ್ಲಿ ದ್ಯಾಮಮ್ಮ ಬಾಗಿಲಲ್ಲೇ ಇದ್ದಳು. ಭತ್ತದ ಗಾಡಿ, ಅಡಿಕೆಯ ಗಾಡಿ, ಕುರಿ ತುಂಬಿದ ಗಾಡಿಗಳನ್ನು ಹುಟ್ಟಿದಾಗಿನಿಂದ ನೋಡಿದ ಕಣ್ಣು ಅದು. ಹಿಂದೆ ಎಷ್ಟು ಕುಸಿದಿದೆ ಎಂದು ನೋಡಿಯೇ ಒಳಗೆ ಎಷ್ಟಿದೆ ಎಂದು ಹೇಳಬಲ್ಲಳು.

“ಬಂದ್ರು ಕಣ್ರೇ ನಮ್ಮ ಬೀಗರು!” ಎಂದು ಅಕ್ಕಪಕ್ಕದ ಹೆಂಗಸರನ್ನು ಕೂಗಿದಳು. “ಗಾಡಿ ಹಿಂದ್ಗಡೆ ಎಷ್ಟು ಜಗ್ಗಿ ಬಂದದೆ ನೋಡ್ರೇ! ಹನ್ನೊಂದು ಬುಟ್ಟಿಗೆ ಕಮ್ಮಿ ಇಲ್ಲ. ನಾನು ಸುಮ್ನೆ ಇವರನ್ನ ಆಡಿಕೊಂಡೆ ಮಾರಾಯ್ತಿ.”

ನಿಮಿಷದಲ್ಲಿ ಇಪ್ಪತ್ತು ಹೆಂಗಸರು ನೆರೆದರು. ಬೀಗ ಕರಿಯಣ್ಣ ಬುಟ್ಟಿ ಇಡಲು ಕಟ್ಟೆ ಗುಡಿಸಲು ಹೇಳಿದ. ಬುಟ್ಟಿ ಹೊರಲು ನೆರೆಯ ಕುರಿ ಸಾಕುವ ಚಿಕ್ಕಬೀರಪ್ಪನನ್ನೂ ಕರೆದ. ಎಲ್ಲರ ಕಣ್ಣೂ ಕಾರಿನ ಹಿಂಭಾಗದ ಮೇಲೆ. ನಾಗರಾಜನ ಎದೆ ಉಬ್ಬಿತು.

“ಮೂರು ಬೆರಳು ತಗ್ಗೈತೆ ಮಾವ,” ಎಂದ.

“ಮೂರೇನು ಬಂತು ಬೀಗ್ರೆ! ಅಷ್ಟೆಲ್ಲ ಯಾಕೆ ತರೋಕೆ ಹೋದ್ರಿ?” ಎಂದು ಕರಿಯಣ್ಣ ಸಂಕೋಚಪಡುತ್ತಲೇ ಡಿಕ್ಕಿ ಎತ್ತಿದ.

ಒಳಗೆ ಒಂದು ಜಾಕ್ ಇತ್ತು. ಒಂದು ಪಾನಾ ಇತ್ತು. ಮೂಲೆಯಲ್ಲಿ ಪೇಪರಿನಲ್ಲಿ ಸುತ್ತಿದ ಒಂದು ಗಂಟು. ದ್ಯಾಮಮ್ಮ ಇನ್ನೂ ಆಸೆ ಬಿಟ್ಟಿರಲಿಲ್ಲ. ಗಂಟು ಎತ್ತಿ, “ಭಾರ ಅದೆ, ಬೆಳ್ಳಿ ಇರಬೇಕು” ಎಂದು ಎಲ್ಲರೆದುರು ಬಿಚ್ಚಿದಳು. ತಂಗಿಯ ಗಂಡನಿಗೆ ತೋರಿಸಿ ಬೀಗೋಣವೆಂದು ನಾಗರಾಜ ತಂದಿದ್ದ ಎರಡು ಹಳೆಯ ಸ್ಪ್ರಿಂಗುಗಳು ಅವಳ ಹೊಸ ಸೀರೆಗೆ ಗ್ರೀಸು ಬಳಿದುಕೊಂಡು ಹೊರಗೆ ಬಂದವು.

“ಇದೆಂಥದು ಮಾರಾಯ, ಕಬ್ಬಿಣದ ಚಕ್ಕುಲಿ?”

“ಬಸುರಿ ಬಯಕೆ ಒಬ್ಬೊಬ್ಬರದು ಒಂದೊಂದು ತರ ಇರ್ತದೆ ಬಿಡು ದ್ಯಾಮಕ್ಕ,” ಎಂದ ಚಿಕ್ಕಬೀರಪ್ಪ.

ಬುತ್ತಿ ಬಸ್ಸಿನಲ್ಲಿ ಬರುತ್ತಿದೆ ಎಂದು ನಾಗರಾಜ ಹೇಳಿದ. ಕಾರು ಖಾಲಿ ಬಂದು ಬುತ್ತಿ ಬಸ್ಸಿನಲ್ಲಿ ಬರುತ್ತದೆ ಎಂಬ ಮಾತನ್ನು ಇಪ್ಪತ್ತರಲ್ಲಿ ಒಬ್ಬಳೂ ನಂಬಲಿಲ್ಲ. ನೋಡಿಯೇ ಹೋಗೋಣವೆಂದು ಎಲ್ಲರೂ ಅಲ್ಲೇ ಕೂತರು. ಒಂದು ತಾಸು ಅವರು ನಾಗರಾಜನನ್ನು ನೋಡಿದರು, ನಾಗರಾಜ ನೆಲ ನೋಡಿದ. ಅಂತೂ ವಾಣಿಶ್ರೀಯೂ ಗುಡ್ಡಮ್ಮನೂ ಬಸ್‌ ಸ್ಟಾಪಿನಿಂದ ಬೆವರುತ್ತಾ ನಡೆದು ಬಂದರು. ಗುಡ್ಡಮ್ಮನ ತಲೆಯ ಮೇಲೆ ಬುಟ್ಟಿ, ಬುಟ್ಟಿಯ ಕೆಳಗೆ ಬಟ್ಟೆಯ ಸಿಂಬಿಯ ಬದಲು ಕಪ್ಪಗೆ ಮಿರುಗುವ ರಬ್ಬರಿನ ಬಳೆ. ಎಡಗಡೆಯ ಟಣ್ ಟಣ್ ಎಲ್ಲಿಂದ ಬರುತ್ತಿತ್ತೆಂದು ನಾಗರಾಜನಿಗೆ ಆಗ ಹೊಳೆಯಿತು.

“ಭಾಳ ಚಲೋ ಐತಪ್ಪ ಇದು. ತಲೆ ಒತ್ತಲೇ ಇಲ್ಲ,” ಎಂದಳು ಅವನ ತಾಯಿ.

ಮಡಿಲು ತುಂಬಿದ್ದಾಯಿತು, ಊಟವಾಯಿತು. ಎಲ್ಲ ಅವಮಾನಕ್ಕೂ ಮದ್ದು ಇನ್ನೂ ಒಂದು ಉಳಿದಿತ್ತು. ತಂಗಿ ಕಾರಿನಲ್ಲಿ ಕೂತು ಹೊರಟರೆ ಸಾಕು. ಸ್ಪಂದನ ಹಸಿರು ಬಳೆಯ ಕೈಯಲ್ಲಿ ಕಾರಿನ ಬಾಗಿಲು ಹಿಡಿಯುವಷ್ಟರಲ್ಲಿ ದ್ಯಾಮಮ್ಮ ತಡೆದಳು.

“ನಿಂತ್ಕಾ. ಮೊದಲು ನಾನು ಕೂತು ನೋಡ್ತೀನಿ. ನಾಲ್ಕು ಹೆತ್ತವಳು, ನನಗೆ ತಿಳೀತದೆ.”

“ಕೂತ್ಕೊಳ್ರಿ ಅತ್ತೆ, ಹಾಸಿಗೆ ಮೇಲೆ ಕೂತಂಗೆ ಇರುತ್ತೆ,” ಎಂದ ನಾಗರಾಜ.

ದ್ಯಾಮಮ್ಮ ಗಟ್ಟಿ ಆಳು. ಅವಳು ಕೂತೊಡನೆ ಕಾರಿನ ಹಿಂಭಾಗ ಉಳಿದದ್ದನ್ನೂ ಕುಸಿಯಿತು, ಮೂತಿ ಆಕಾಶ ನೋಡಿತು. ಶಾಲೆಯ ಮುಂದಿನ ಹಂಪಿನವರೆಗೆ ಕರಕರ, ಟಣ್ ಟಣ್. ಹಂಪಿನಲ್ಲಿ ಒಂದು ಧಡ್, ಅದರ ಹಿಂದೆಯೇ ದ್ಯಾಮಮ್ಮನ ತಲೆ ಮೇಲಿನ ತಗಡಿಗೆ ಇನ್ನೊಂದು ಧಡ್.

“ನಿಲ್ಸು,” ಎಂದಳು. ಇಳಿದು, ಬಿಸಿಲಿನಲ್ಲಿ ನಡೆದೇ ಮನೆಗೆ ಬಂದಳು. ಹಿಂದೆ ಹಿಂದೆ ಖಾಲಿ ಕಾರು, ಬೈಸಿಕೊಂಡ ಮಗುವಿನ ಹಾಗೆ.

“ಆ ವ್ಯಾನನ್ನ ನಾವು ತಳ್ಳಿದ್ವಿ, ಇದು ನಮ್ಮನ್ನೇ ತಳ್ತದೆ. ನಮ್ಮ ಸೊಸೆ ಇದ್ರಲ್ಲಿ ಕೂರಂಗಿಲ್ಲ.”

“ನೀನಾದ್ರೂ ಹೇಳೇ ಸ್ಪಂದನ! ನಿನಗೋಸ್ಕರಾನೇ ಮಾಡಿದ್ದು ಕಣೇ,” ಎಂದು ನಾಗರಾಜ ಅಂಗಲಾಚಿದ.

ಸ್ಪಂದನ ಅಣ್ಣನ ತೋಳು ಮುಟ್ಟಿದಳು. “ಬೇಜಾರು ಮಾಡ್ಕೋಬೇಡಣ್ಣ. ನಾನು ಅವ್ವನ ಜೊತೆ ಬಸ್ಸಿಗೇ ಬರ್ತೀನಿ. ಒಳಗಿರೋದು ಮನೆಗೆ ಬಂದಮೇಲೆ ಹೊರಗೆ ಬರ್ಲಿ, ನಿನ್ನ ಕಾರಲ್ಲಿ ಬೇಡ.”

ಹೆಂಗಸರೆಲ್ಲ ಬಸ್ ಸ್ಟಾಪಿಗೆ ಹೋದರು. ಆಗ ಕರಿಯಣ್ಣ ಒಂದು ಹಾಲು ಕೊಡುವ ಆಡನ್ನು ಹಿಡಿದು ತಂದ. “ಬಾಣಂತಿ ಮನೇಲಿ ಇರ್ಲಿ ಬೀಗ್ರೆ. ಇದನ್ನ ಬಸ್ಸಿಗೆ ಹತ್ತಿಸಲ್ಲ. ನಿಮ್ಮ ಗಾಡಿ ಹೆಂಗೂ ಖಾಲಿ ಅದೆಯಲ್ಲ.”

ನಾಗರಾಜ ಬೇಡವೆನ್ನುವ ಮೊದಲೇ ಚಿಕ್ಕಬೀರಪ್ಪ ಹಿಂದಿನ ಬಾಗಿಲು ತೆರೆದ. ಆಡು ಒಮ್ಮೆ ಒಳಗೆ ಇಣುಕಿತು. ಯಾರೂ ಎತ್ತಲಿಲ್ಲ, ತಳ್ಳಲಿಲ್ಲ. ತನ್ನ ಕೊಟ್ಟಿಗೆಯ ಹೊಸ್ತಿಲು ದಾಟಿದ ಹಾಗೆ ಕಾಲಿಟ್ಟು ಹತ್ತಿ, ಹೊಸ ಜಮಖಾನದ ಮೇಲೆ ಮಲಗಿತು.

“ಎಂಥಾ ಗಾಡಿ ಮಾರಾಯ್ರೆ!” ಎಂದು ಚಿಕ್ಕಬೀರಪ್ಪ ಕೈ ಮುಗಿದ. “ಇಪ್ಪತ್ತು ವರ್ಷದಿಂದ ಕುರಿ ಎತ್ತಿ ಎತ್ತಿ ಹಾಕಿ ನನ್ನ ಸೊಂಟ ಹೋಗಿದೆ. ಸಂತೆ ದಿನ ಬಾಡಿಗೆಗೆ ಬರ್ತೀರಾ?” ಕಾರಿನ ತಗ್ಗನ್ನು ಮನಸಾರೆ ಮೆಚ್ಚಿದ ಮನುಷ್ಯ ಆ ತಾಲ್ಲೂಕಿನಲ್ಲಿ ಅವನೊಬ್ಬನೇ.

ಬಸ್ಸಿನವರು ಸೊರಬದಲ್ಲಿ ಇಳಿದು ಇನ್ನೊಂದು ಬಸ್ಸಿಗೆ ಕಾಯಬೇಕಾದ್ದರಿಂದ ಕಾರೇ ಮೊದಲು ಶಿಕಾರಿಪುರ ಸೇರಿತು. ಬಸುರಿ ಬರುವ ಹೊತ್ತಿಗೆ ಆರತಿ ಹಿಡಿದು ನಿಲ್ಲಿ ಎಂದು ವಾಣಿಶ್ರೀ ಎದುರು ಮನೆಯ ಮಾಳಮ್ಮನಿಗೆ ಹೇಳಿ ಹೋಗಿದ್ದಳು. ಮಾಳಮ್ಮ ಬೀದಿಯ ಹೆಂಗಸರನ್ನು ಕೂಡಿಸಿಕೊಂಡು ದೀಪ ಹಚ್ಚಿದ ತಟ್ಟೆ ಹಿಡಿದು ನಿಂತಿದ್ದಳು. ಧೂಳು ಕವಿದ ಗಾಜಿನ ಹಿಂದೆ ಯಾರೋ ಒರಗಿದ್ದಷ್ಟೇ ಕಾಣುತ್ತಿತ್ತು.

“ಬಂದ್ಲು ನಮ್ಮ ಸ್ಪಂದನ! ಕಾರು ಹಿಂದೆ ಬೆಳಿಗ್ಗೆಗಿಂತ ಎಷ್ಟು ಕುಸಿದೈತೆ ನೋಡ್ರೇ. ನನ್ನ ಕೇಳಿದ್ರೆ ಅವಳಿ ಜವಳಿ!” ಎಂದು ಮಾಳಮ್ಮ ಮುಂದೆ ಬಂದು ತಾನೇ ಬಾಗಿಲು ತೆರೆದಳು.

ಆಡು ಯಾರ ಕೈಯನ್ನೂ ಹಿಡಿಯದೆ, ಗಾಂಭೀರ್ಯದಿಂದ ಕೆಳಗಿಳಿದು, ಹೊಸ್ತಿಲಿಗೆ ಎದುರಾಗಿ ನಿಂತಿತು.

ನಾಗರಾಜ ಸಂದು ಹುಡುಕುತ್ತಾ ಮನೆಯ ಹಿಂದುಗಡೆಗೆ ಜಾರುತ್ತಿದ್ದ.

“ಎಲ್ಲಿ ಹೊಂಟೆ ನಾಗರಾಜ?” ಎಂದಳು ಮಾಳಮ್ಮ. “ಹಚ್ಚಿದ ಆರತಿ ಬೆಳಗದೆ ಇಡೋದು ನಮ್ಮಲ್ಲಿಲ್ಲ. ಬಾ, ನೀನೂ ಪಕ್ಕದಾಗೆ ನಿಂತ್ಕೋ. ಕರ್ಕೊಂಡು ಬಂದ ಅಣ್ಣ ನೀನೇ ಅಲ್ಲೇನಪ್ಪ?”

ನಾಗರಾಜ ಬಂದು ಆಡಿನ ಪಕ್ಕ ನಿಂತ. ಆಡು ತಟ್ಟೆಯಲ್ಲಿದ್ದ ವೀಳ್ಯದೆಲೆ ತಿಂದಿತು. ಹೆಂಗಸರು ಹಾಡು ಎತ್ತಿಕೊಂಡರು. ಮಾಳಮ್ಮ ಇಬ್ಬರಿಗೂ ಬೆಳಗಿ ಹಣೆಗೆ ಕುಂಕುಮವಿಟ್ಟಳು, ಆಡಿಗೆ ಮೊದಲು, ಅವನಿಗೆ ಆಮೇಲೆ.