ಮನೆಯವರೇ ಕೇಳಿ ಮಾಡಿಸಿದ ಕೊಲೆಗಳು

ನಾನು ಕೊಲೆಗಾರ ಎಂದರೆ ನಮ್ಮ ಹುಮನಾಬಾದಿನಲ್ಲಿ ಯಾರೂ ನಂಬುವುದಿಲ್ಲ. ಕೋಳಿ ಕೊಯ್ಯುವ ಅಂಗಡಿ ಎದುರಾದರೆ ರಸ್ತೆ ದಾಟಿ ಆಚೆ ಬದಿಗೆ ಹೋಗುವವನು ನಾನು. ಮನೆಯಲ್ಲಿ ಚೇಳು ಕಂಡರೆ ಮೊದಲು ಮಂಚ ಹತ್ತಿ, ಆಮೇಲೆ ಹೆಂಡತಿಯನ್ನು ಕೂಗುತ್ತೇನೆ. ಆದರೂ ಬಾಂಗ್ಲಾ ಯುದ್ಧದ ವರ್ಷ ನಾನು ಎಷ್ಟೋ ಜನರನ್ನು ಕೊಂದೆ, ಅದೂ ಅವರವರ ಮನೆಯವರ ಒಪ್ಪಿಗೆಯಿಂದ. ಕೆಲವರಂತೂ ನನಗೆ ಚಹಾ ಕುಡಿಸಿ, ಆದಷ್ಟು ಬೇಗ ಮುಗಿಸಿಕೊಡಿ ಎಂದು ಕೈ ಮುಗಿದರು.

ಆಗ ನಾನು ರೈತರ ಕಾಳು ಮಾರಿಸಿಕೊಡುವ ಒಂದು ಅಡತಿ ಅಂಗಡಿಯಲ್ಲಿ ಗುಮಾಸ್ತ. ಹಗಲೆಲ್ಲ ತೊಗರಿ, ಜೋಳ, ಹೆಸರಿನ ಚೀಲಗಳ ನಡುವೆ ಇರುತ್ತಿದ್ದೆ. ಭಾನುವಾರ ಮಾತ್ರ ಗುಲ್ಬರ್ಗಾದ ಒಂದು ವಾರಪತ್ರಿಕೆಗೆ ಪತ್ತೇದಾರಿ ಧಾರಾವಾಹಿ ಬರೆಯುತ್ತಿದ್ದೆ. ಗಡಿಯ ಸೇನಾ ಶಿಬಿರವೊಂದರಲ್ಲಿ ಸಿಪಾಯಿಗಳು ಒಬ್ಬೊಬ್ಬರಾಗಿ ಕೊಲೆಯಾಗುತ್ತಾರೆ. ಶತ್ರು ಹೊರಗಿದ್ದಾನೆ, ಕೊಲೆಗಾರ ಒಳಗಿದ್ದಾನೆ. ತನಿಖೆಗೆ ಬಂದ ಮಿಲಿಟರಿ ಪತ್ತೇದಾರರು ಕ್ಯಾಪ್ಟನ್ ವಿಕ್ರಮ ಮತ್ತು ಹವಾಲ್ದಾರ್ ಇನಾಯತ್. ವಿಕ್ರಮ ಯೋಚಿಸುತ್ತಿದ್ದ, ಇನಾಯತ್ ಚಹಾ ಕುಡಿಯುತ್ತಿದ್ದ. ಸೈನ್ಯದ ವಿಷಯ ನನಗೆ ಗೊತ್ತಿದ್ದುದು ಅಷ್ಟಕ್ಕಷ್ಟೆ. ಹೆಂಡತಿಯ ತಮ್ಮ ಶರಣಪ್ಪ ರಜೆಗೆ ಬಂದಾಗ ಹೇಳಿದ್ದನ್ನು ಬಿಟ್ಟರೆ ಉಳಿದದ್ದೆಲ್ಲ ನಮ್ಮ ಅಂಗಡಿಯದೇ. ಹೀಗಾಗಿ ನನ್ನ ಶಿಬಿರದ ತುಂಬ ಗೋಣಿಚೀಲಗಳು, ನನ್ನ ಕರ್ನಲ್ ಸಾಹೇಬರು ನಮ್ಮ ಮಾಲೀಕರ ಹಾಗೆಯೇ ಮಾತಿಗೊಮ್ಮೆ ಕೆಮ್ಮುತ್ತಿದ್ದರು. ಕೊಲೆಯ ಆಯುಧವೂ ಅಂಗಡಿಯದೇ. ಚೀಲ ಬಿಚ್ಚದೆ ಒಳಗಿನ ಕಾಳು ನೋಡಲು ಚೀಲಕ್ಕೆ ಚುಚ್ಚುವ ಚೂಪು ಮೂತಿಯ ಕಬ್ಬಿಣದ ಕೊಳವೆ ಇರುತ್ತದಲ್ಲ, ಅದು. ಸದ್ದಿಲ್ಲದೆ ಒಳಗೆ ಹೋಗುತ್ತದೆ, ದುಂಡನೆಯ ಒಂದು ತೂತು ಬಿಟ್ಟು ಹೊರಗೆ ಬರುತ್ತದೆ. ಅದನ್ನು ದಿನವೂ ಕೈಯಲ್ಲಿ ಹಿಡಿಯುತ್ತಿದ್ದ ನನಗೆ ಬರೆದ ಮೇಲೆಯೇ ಅದರ ಭಯ ಶುರುವಾಯಿತು.

ಶರಣಪ್ಪನ ಪಡೆಯನ್ನು ಪೂರ್ವದ ಗಡಿಗೆ ಕಳಿಸಿದ್ದರು. ಬಸವಕಲ್ಯಾಣದಲ್ಲಿ ಒಬ್ಬರೇ ಇರಲಾರದೆ ಅವನ ತಾಯಿ, ಎಂದರೆ ನಮ್ಮ ಅತ್ತೆ, ನಮ್ಮಲ್ಲಿಗೆ ಬಂದಿದ್ದರು. ಅವನ ಕಾಗದ ಬರುವುದು ನಿಂತಿತ್ತು. ಅತ್ತೆ ಅವನ ಹಳೆಯ ಅಂಗಿಯೊಂದನ್ನು ಸುಮ್ಮಸುಮ್ಮನೆ ಒಗೆದು ಅಂಗಳದಲ್ಲಿ ಒಣಹಾಕುತ್ತಿದ್ದರು. ಒಂದು ಬೆಳಿಗ್ಗೆ ನಾನು ಬರೆಯುತ್ತ ಕುಳಿತಿದ್ದಾಗ ಒಳಗೆ ಬಂದು ಬಾಗಿಲು ಹಿಡಿದು ನಿಂತರು.

"ಅಳ್ಯಾ ದೇವರ, ನಮ್ಮ ಶರಣ್ಯಾನ ಅಂಗಿ ಮ್ಯಾಲ ಕಾಗಿ ಕುಂತಿತ್ತರಿ."

"ಕುಂತ್ರ ಏನಾತ್ರಿ ಅತ್ತಿ? ಮತ್ತೊಮ್ಮಿ ಒಗದು ಹಾಕಿದ್ರಾತು."

"ಏನಾತಂದ್ರ? ಖರೇ ಸಾವು ಬರಬಾರದಂದ್ರ ಸುಳ್ಳು ಸಾವು ಮುಗಿಸಬೇಕ್ರಿ!"

ನಮ್ಮ ಕಡೆ ಮೈಗಾಗಲಿ ತೊಡುವ ಬಟ್ಟೆಗಾಗಲಿ ಕಾಗೆ ಮುಟ್ಟಿದರೆ, ಆ ಮನುಷ್ಯ ಸತ್ತನೆಂದು ದೂರದ ನೆಂಟರಿಗೆ ಸುಳ್ಳು ಸುದ್ದಿ ಕಳಿಸುತ್ತಾರೆ. ಅವರು ನಂಬಿ ಅಳುತ್ತಾರೆ. ಅತ್ತದ್ದಾಯಿತೆಂದರೆ ಸಾವಿನ ಬಾಕಿ ಚುಕ್ತಾ ಆಗಿ ಅವನ ಆಯುಷ್ಯ ಗಟ್ಟಿಯಾಗುತ್ತದೆ. ಆಮೇಲೆ ನಿಜ ಹೇಳಿ ನೆಂಟರಿಂದ ಬೈಸಿಕೊಂಡರೆ ಮುಗಿಯಿತು. ಆದರೆ ಗಡಿಯಲ್ಲಿರುವ ಸಿಪಾಯಿ ಸತ್ತನೆಂದು ತಂತಿ ಕೊಟ್ಟರೆ ಪೊಲೀಸರು ಬಂದಾರು. ಅದಕ್ಕಿಂತ ಹೆಚ್ಚಾಗಿ, ಆ ಸುದ್ದಿ ಸುಳ್ಳೇ ಎಂದು ಎದೆ ತಟ್ಟಿ ಹೇಳುವ ಧೈರ್ಯ ಆಗ ನಮ್ಮಲ್ಲಿ ಯಾರಿಗೂ ಇರಲಿಲ್ಲ. ಅತ್ತೆ ಇದನ್ನೆಲ್ಲ ಯೋಚಿಸಿಯೇ ಬಂದಿದ್ದರು.

"ನಿಮ್ಮ ಕಥಿಯೊಳಗ ಅವನ್ನ ಕೊಲ್ರಿ. ಅಚ್ಚಾಗಿ ಬರ್ತದ, ನಾಕ ಮಂದಿ ಓದ್ತಾರ. ನಾವು ಅಳ್ತೀವಿ."

ನಾನು ಆಗದು ಎಂದೆ. ಸಾಹಿತ್ಯ ಎಂದರೇನು, ಮೂಢನಂಬಿಕೆ ಎಂದರೇನು ಎಂದು ವಿವರಿಸತೊಡಗಿದೆ. ಅಷ್ಟರಲ್ಲಿ ನನ್ನ ಬರಹದ ಒಂದು ಸಾಲನ್ನೂ ಎಂದೂ ಓದದ ನನ್ನ ಹೆಂಡತಿ ಗುರಮ್ಮ ಅಡಿಗೆಮನೆಯಿಂದ ಹೊರಗೆ ಬಂದಳು. "ಇಷ್ಟ ಮಂದೀನ್ನ ಕೊಂದೀರಿ. ನನ್ನ ತಮ್ಮನ್ನ ಒಬ್ಬನ್ನ ಕೊಲ್ಲಾಕ ನಿಮಗೇನ ಧಾಡಿ?" ಎಂದಳು. ಅವಳ ಕಣ್ಣು ಕೆಂಪಾಗಿದ್ದವು. ಆ ಕಣ್ಣಿನ ಮುಂದೆ ನನ್ನ ಸಾಹಿತ್ಯ ನಿಲ್ಲಲಿಲ್ಲ.

ಕೊಂದೆ. ಸಿಪಾಯಿ ಶರಣಪ್ಪ ಡೇರೆಯಲ್ಲಿ ದಪ್ಪ ಕೋಟು ತೊಟ್ಟು ಒಬ್ಬನೇ ಕುಳಿತಿದ್ದ. ಕೊಳವೆ ಎಡಜೇಬಿನ ಕೆಳಗೆ ಹೊಕ್ಕಿತು. ಡೇರೆ ಹರಿದಿರಲಿಲ್ಲ, ಕಾವಲಿನವನು ಯಾರನ್ನೂ ಕಂಡಿರಲಿಲ್ಲ. ಕೊಲೆಗಾರ ಒಳಗೆ ಬಂದದ್ದು ಹೇಗೆಂದು ನನಗೂ ತಿಳಿದಿರಲಿಲ್ಲ, ಮುಂದಿನ ಕಂತುಗಳಲ್ಲಿ ನೋಡಿಕೊಳ್ಳೋಣ ಎಂದುಕೊಂಡಿದ್ದೆ. ಪತ್ರಿಕೆ ಬಂದ ದಿನ ಮಧ್ಯಾಹ್ನ ಅತ್ತೆಯನ್ನೂ ಗುರಮ್ಮನನ್ನೂ ಕೂರಿಸಿ ಗಟ್ಟಿಯಾಗಿ ಓದಿದೆ. ಆಮೇಲೆ ಅತ್ತೆ ಸೆರಗನ್ನು ಬಾಯಿಗೆ ಒತ್ತಿಕೊಂಡು ಶುರುಮಾಡಿದರು. "ಕುಸ್ತಿ ಗೆದ್ದು ಬಂದಾವನ, ಅಕ್ಕಗ ಬಳಿ ತಂದಾವನ, ಅವ್ವನ ಬಿಟ್ಟು ಹ್ಯಾಂಗ ಹೋದ್ಯೋ" ಎಂದು ಹಾಡ್ಯಾಡಿ ಅತ್ತರು. ಅದರಲ್ಲಿ ನಾಟಕ ಒಂದು ಕಾಳಿನಷ್ಟೂ ಇರಲಿಲ್ಲ. ಹಾಡಹಗಲಲ್ಲಿ, ಬಿಸಿಲು ತುಂಬಿದ ಮನೆಯಲ್ಲಿ ನಾನು ಪತ್ರಿಕೆಯನ್ನು ಮಗುಚಿಟ್ಟೆ. ನಿಜವಾಗಿಯೂ ಏನೋ ಆಗಿಹೋಗಿದೆ, ಅದನ್ನು ನಾನೇ ಬರೆದಿದ್ದೇನೆ ಎನ್ನಿಸಿತು.

ಅಳು ಕೇಳಿ ಪಕ್ಕದ ಮನೆಯ ಮಲ್ಲಮ್ಮ, ಸಾವಾದ ಮನೆಗೆ ಒಯ್ಯುವ ಹಾಗೆ ರೊಟ್ಟಿ, ಝುಣಕ ಕಟ್ಟಿಕೊಂಡು ಓಡಿಬಂದಳು. ಸತ್ತದ್ದು ಕಥೆಯಲ್ಲಿ ಎಂದು ತಿಳಿದ ಮೇಲೂ ಬುತ್ತಿ ವಾಪಸ್ಸು ಒಯ್ಯಲಿಲ್ಲ. ನನ್ನನ್ನು ಬದಿಗೆ ಕರೆದು, "ನಮ್ಮ ಮಗಾ ಲಾರಿ ಹೊಡೀತಾನ್ರಿ. ಅವಂದೂ ಒಂದೀಟ ಮುಗಿಸಿಬಿಡ್ರಿ" ಎಂದಳು. ಅಲ್ಲಿಂದ ನನ್ನ ಮನೆಗೆ ಜನ ಬರತೊಡಗಿದರು. ಚಿಟಗುಪ್ಪದಿಂದ ಒಬ್ಬ ಮುದುಕ ಮಗನ ಹೆಸರು ಹೇಳಿಹೋಗಲು ಬಸ್ಸು ಹತ್ತಿ ಬಂದ. ಕಂತಿಗೊಬ್ಬರಂತೆ ಕೊಂದರೂ ಮುಗಿಯದೆ ಕೊನೆಗೆ ಇಬ್ಬಿಬ್ಬರನ್ನು ಕೊಂದೆ. ಇಷ್ಟು ಜನರನ್ನು ಕೊಲ್ಲಲು ಒಬ್ಬನಿಗೆ ಯಾವ ಕಾರಣ ಇದ್ದೀತು ಎಂದು ವಿಕ್ರಮ ತಲೆ ಹಿಡಿದು ಕುಳಿತ, ಇನಾಯತ್ ಚಹಾ ಕುಡಿದು ಕುಡಿದು ನಿದ್ದೆಗೆಟ್ಟ. ಇಷ್ಟಾದರೂ ಕೊಲೆಗಾರನಿಗೆ ಇಡಲು ತಮ್ಮ ಹೆಸರು ಕೊಡುವವರು ಮಾತ್ರ ಊರಿನಲ್ಲಿ ಒಬ್ಬರೂ ಸಿಗಲಿಲ್ಲ. ಹೆಸರಿಲ್ಲದೆ, ಮುಖವಿಲ್ಲದೆ ಅವನು ನನ್ನ ಕಥೆಯಲ್ಲಿ ಓಡಾಡಿಕೊಂಡೇ ಇದ್ದ.

ಯುದ್ಧ ಮುಗಿಯಿತು. ಶರಣಪ್ಪ ಒಂದು ಬೆಳಿಗ್ಗೆ ಟ್ರಂಕು ಹೊತ್ತು ಅಂಗಳಕ್ಕೆ ಬಂದು ನಿಂತ. ಅತ್ತೆ ಅವನ ಮೈಯೆಲ್ಲ ಮುಟ್ಟಿ ಮುಟ್ಟಿ ನೋಡಿದರು. ಗುರಮ್ಮ ನನ್ನ ಕಡೆಗೆ ನೋಡಿದ ನೋಟದಲ್ಲಿ ಮದುವೆಯಾದಂದಿನಿಂದ ಕಾಣದ ಗೌರವವಿತ್ತು. ನಾನೂ ಮೀಸೆ ತೀಡಿಕೊಂಡೆ, ಅವನು ಟ್ರಂಕಿನಿಂದ ಕೋಟು ತೆಗೆಯುವವರೆಗೆ.

"ಇದನ್ನ ನೋಡು ಅಕ್ಕಾ. ಡೇರೇದಾಗ ಗೂಟಕ್ಕ ತೂಗಹಾಕಿ ನೀರ ತರಾಕ ಹೋಗಿದ್ದೆ. ಬಂದು ನೋಡ್ತೀನಿ, ತೂತ! ಡೇರೆಗೆ ತೂತಿಲ್ಲ. ಗುಂಡಿನ ಸಪ್ಪಳ ಯಾರೂ ಕೇಳಿಲ್ಲ."

ತೂತು ಎಡಜೇಬಿನ ಕೆಳಗಿತ್ತು. ಗುರಮ್ಮ ಅವನ ಸಾವು ಅಚ್ಚಾದ ಪತ್ರಿಕೆ ತಂದು ಅವನ ಕೈಗಿಟ್ಟಳು. ಅವನು ನಿಂತೇ ಓದಿದ. ಓದಿ, ಪತ್ರಿಕೆ ಮಡಿಸಿ, ನನ್ನ ಕಡೆ ತಿರುಗಿದ. "ಮಾಮಾ, ಇದು ನಿಮಗ ಹ್ಯಾಂಗ ಗೊತ್ತಾತ್ರಿ?" ಎಂದ. ವಿಕ್ರಮ ಕೂಡ ಹೀಗೆಯೇ ತಣ್ಣಗೆ ಕೇಳುತ್ತಿದ್ದ. ಆ ದನಿಯನ್ನು ಬರೆದವನು ನಾನೇ ಆದರೂ, ಅದು ನನ್ನನ್ನೇ ಕೇಳೀತೆಂದು ಎಣಿಸಿರಲಿಲ್ಲ. ರಜೆ ಮುಗಿಸಿ ಹೊರಟಾಗ ಅವನು ಕೋಟನ್ನು ಒಯ್ಯಲಿಲ್ಲ. "ಇದು ನಿಮ್ಮಲ್ಲೇ ಇರ್ಲಿ" ಎಂದು ನಮ್ಮ ಪಡಸಾಲೆಯ ಗೂಟಕ್ಕೆ ತೂಗುಹಾಕಿ ಹೋದ.

ಬುದ್ಧಿಯಿದ್ದವನು ಅಲ್ಲಿಗೆ ಬಿಡುತ್ತಿದ್ದ. ನಾನು ಅಂಗಡಿಯ ಕೊಳವೆಯನ್ನು ಚೀಲದಲ್ಲಿಟ್ಟು ಮನೆಗೆ ತಂದು, ಯಾರೂ ಇಲ್ಲದಾಗ ಕೋಟಿನ ತೂತಿಗೆ ತೂರಿಸಿ ನೋಡಿದೆ. ಅಳತೆ ಕೊಟ್ಟು ಮಾಡಿಸಿದಂತೆ ಕೂತಿತು. ನನ್ನ ಕೈ ಕೊಳವೆಯ ಮೇಲಿತ್ತು, ಕೊಳವೆ ಕೋಟಿನಲ್ಲಿತ್ತು. ಇದೇ ಸ್ಥಿತಿಯಲ್ಲಿ ಯಾರಾದರೂ ನನ್ನನ್ನು ಕಂಡಿದ್ದರೆ ವಿಕ್ರಮನ ತನಿಖೆ ಅವತ್ತೇ ಮುಗಿಯುತ್ತಿತ್ತು.

ಮುಗಿಸಿಯೂಬಿಟ್ಟೆ. ಎಲ್ಲ ಕೊಲೆಗಳೂ ಮೊದಲೇ ಗೊತ್ತಿದ್ದವನು ಜಗತ್ತಿನಲ್ಲಿ ಒಬ್ಬನೇ. ಕೊನೆಯ ಕಂತಿನಲ್ಲಿ ಕೊಲೆಗಾರನಿಗೆ ನನ್ನ ಹೆಸರನ್ನೇ ಇಟ್ಟು, ಓಡುವಾಗ ಇನಾಯತನ ಗುಂಡಿಗೆ ಬೀಳಿಸಿದೆ. ಇನಾಯತ್ ಕಾದಂಬರಿಯಲ್ಲಿ ಮಾಡಿದ ಕೆಲಸ ಅದೊಂದೇ. ಪತ್ರಿಕೆ ಬಂದ ಮಧ್ಯಾಹ್ನ ಓದಿಹೇಳಿದೆ. ಅತ್ತೆ ಗಾಬರಿಯಾದರು.

"ಸತ್ರಿ ಅಂದ ಮ್ಯಾಲ ಅಳಬೇಕಲ್ರಿ! ಅಳಲಿಲ್ಲಂದ್ರ ಖರೇ ಆಗ್ತದ!"

ಆ ಮಾತಿಗೆ ಹಿಂದೆ ನಗುತ್ತಿದ್ದ ನಾನು ಈಗ ಗೂಟದ ಕಡೆ ನೋಡಿದೆ. "ಹಂಗಾದ್ರ ಅಳ್ರಿ" ಎಂದೆ. ಇಬ್ಬರೂ ಪ್ರಯತ್ನಿಸಿದರು, ಆಗಲಿಲ್ಲ. "ನೀವು ಎದುರಿಗೇ ಕುಂತ್ರ ಅಳು ಹ್ಯಾಂಗ ಬರ್ತದ್ರಿ? ಹೊರಗ ಹೋಗ್ರಿ" ಎಂದಳು ಗುರಮ್ಮ.

ಹೊರಗೆ ಹೋಗಿ ಬಾಗಿಲಿಗೆ ಕಿವಿಯಿಟ್ಟು ನಿಂತೆ. ತನ್ನ ಸಾವಿಗೆ ಬರುವ ಅಳುವಿಗಾಗಿ ತಾನೇ ಕಾಯುವುದು ಎಂಥದೆಂದು ನಿಮಗೆ ಗೊತ್ತಿಲ್ಲ, ಗೊತ್ತಾಗುವುದೂ ಬೇಡ. ಬೀದಿಯಲ್ಲಿ ಜನ ನನ್ನನ್ನು ನೋಡದೆ ದಾಟಿಹೋಗುತ್ತಿದ್ದರು. ಗುರುತಿನ ಹಮಾಲನೊಬ್ಬ ಕೂಡ ಮಾತಾಡಿಸದೆ ಹೋದ. ಒಳಗೆ ಸದ್ದೇ ಇರಲಿಲ್ಲ. ಬಹಳ ಹೊತ್ತಿನ ಮೇಲೆ ಅತ್ತೆಯ ದನಿ ಕೇಳಿತು.

"ಏನಂತ ಹಾಡ್ಲೆ ಗುರಮ್ಮಾ? ಶರಣ್ಯಾಂದಾದ್ರ ಕುಸ್ತಿ ಇತ್ತು, ಬಳಿ ಇತ್ತು. ಇವರದು ಏನದ?"

ಮತ್ತೆ ಮೌನ. ನನ್ನ ಆಯುಷ್ಯವೆಲ್ಲ ಆ ಮೌನದಲ್ಲಿ ನೇತಾಡುತ್ತಿತ್ತು. ಹೆಂಡತಿ ಹುಡುಕುತ್ತಿದ್ದಾಳೆ, ಪಾಪ, ಸಿಗುತ್ತಿಲ್ಲ. ಕೊನೆಗೆ ಅವಳೆಂದಳು, "ಉಪ್ಪು ಕಮ್ಮಿ ಆದ್ರೂ ಒಂದಿನಾ ಅಂದವರಲ್ಲ ಅಂತ ಹಾಡವ್ವಾ."

ಅತ್ತೆ ಅದನ್ನೇ ರಾಗ ಎಳೆದು ಹಾಡಿದರು. ಗುರಮ್ಮ ದನಿಗೂಡಿಸಿದಳು, ನಿಜವಾಗಿಯೇ ಅತ್ತಳು. ಹೊರಗೆ ನಿಂತ ನನಗೂ ಕಣ್ಣು ತುಂಬಿಬಂತು. ಆದರೆ ಅವತ್ತು ಬೆಳಿಗ್ಗೆಯೇ ಬೇಳೆಗೆ ಉಪ್ಪಿಲ್ಲವೆಂದು ನಾನು ತಾಟು ಸರಿಸಿ ಎದ್ದಿದ್ದೆ. ನನ್ನ ಸುಳ್ಳು ಸಾವಿಗೆ ಸಿಕ್ಕ ಗುಣವೂ ಸುಳ್ಳೇ. ಸುಳ್ಳು ಗುಣ ಹಾಡಿ ಅತ್ತ ಅಳು ಲೆಕ್ಕಕ್ಕೆ ಬರುತ್ತದೋ ಇಲ್ಲವೋ ಎಂದು ಯಾರನ್ನು ಕೇಳಲಿ? ಆಮೇಲೆ ನಾನು ಕಥೆ ಬರೆದಿಲ್ಲ. ವರ್ಷಗಳು ಕಳೆದಿವೆ, ಕೋಟು ಅದೇ ಗೂಟದಲ್ಲಿದೆ. ನಾನು ಉಣ್ಣಲು ಕೂರುವ ಜಾಗಕ್ಕೆ ಅದು ಎದುರು. ಇವತ್ತು ಮಧ್ಯಾಹ್ನದ ಬೇಳೆಗೂ ಉಪ್ಪಿರಲಿಲ್ಲ. ಗುರಮ್ಮ, "ಹ್ಯಾಂಗ ಆಗ್ಯಾದ್ರಿ?" ಎಂದು ಕೇಳಿದಳು. ಕೋಟಿನ ಕಡೆ ಒಮ್ಮೆ ನೋಡಿ, ಛಲೋ ಆಗ್ಯಾದ ಎಂದು ಹೇಳಿ ಇನ್ನೊಂದು ಸೌಟು ಹಾಕಿಸಿಕೊಂಡೆ.