ಮಾವನ ಹಾಡಿನ ಸ್ಪೀಡು

ನಮ್ಮ ಮಾವ ಒಂದು ಕಾಲದಲ್ಲಿ ಪಾಪ್ ಸ್ಟಾರ್ ಆಗಿದ್ದರು ಎಂದರೆ ದಯವಿಟ್ಟು ನಗಬೇಡಿ. ಮೊದಲು ನಾನು ನಕ್ಕು ಮುಗಿಸಬೇಕು, ಸರದಿಯಲ್ಲಿ ಬನ್ನಿ! ಅಮ್ಮನ ತಮ್ಮನಾದ ಈ ಮಹಾನುಭಾವರು ತಾವೇ ಬರೆದು, ತಾವೇ ರಾಗ ಹಾಕಿ, ತಾವೇ ಹಾಡಿದ ಕ್ಯಾಸೆಟ್ಟುಗಳು ಹುಣಸೂರು ಬಸ್ ಸ್ಟ್ಯಾಂಡಿನಲ್ಲಿ ಬಾಳೆಹಣ್ಣಿನ ಪಕ್ಕ ಮಾರಾಟವಾಗುತ್ತಿದ್ದವಂತೆ. ಹಣ್ಣು ಕಪ್ಪಾಗುವುದರೊಳಗೆ ಕ್ಯಾಸೆಟ್ ಖಾಲಿ ಎನ್ನುತ್ತಾರೆ ಮಾವ. ಹಣ್ಣಿನವರನ್ನು ನಾನು ವಿಚಾರಿಸಿಲ್ಲ.

ಸ್ಟಾರ್ ಈಗಿರುವುದು ಕಂಪಲಾಪುರದ ಹತ್ತಿರ, ಹೊಗೆಸೊಪ್ಪಿನ ಹೊಲದ ಮಧ್ಯೆ. ಅವರ ಹಾಡಿನ ಸೆನ್ಸಾರ್ ಬೋರ್ಡೂ ಅಲ್ಲೇ ಇದೆ! ಬ್ಯಾರನ್ ಎಂಬ ಬಿಸಿಗೂಡಿನಲ್ಲಿಟ್ಟು ಒಣಗಿಸುವ ಮುಂಚೆ ಹಸಿ ಸೊಪ್ಪನ್ನು ದಾರದಿಂದ ಕಡ್ಡಿಗೆ ಕಟ್ಟಬೇಕಲ್ಲ, ಆ ಚಪ್ಪರದಲ್ಲಿ ನಮ್ಮತ್ತೆ, ಅಂದರೆ ಮಾವನ ಹೆಂಡತಿ, ಏಳೆಂಟು ಹೆಂಗಸರ ಜೊತೆ ಕೂತಿರುತ್ತಾರೆ. ಮಾವ ಎದುರಿಗೆ ಕೂತು ಹೊಸ ಹಾಡು ಹಾಡಬೇಕು. ಕಟ್ಟುವವರ ಕೈ ತಪ್ಪದಿದ್ದರೆ ಹಾಡು ಪಾಸು. ಯಾರದಾದರೂ ಗಂಟು ಸಡಿಲವಾಯಿತೋ, ಫೇಲು! ಹಾಗಾಗಿ ಸೊಪ್ಪಿನ ಕಾಲ ಮುಗಿದರೆ ಕರ್ನಾಟಕಕ್ಕೆ ಮಾವನಿಂದ ಹೊಸ ಹಾಡಿಲ್ಲ. ಕರ್ನಾಟಕ ಹೇಗೋ ತಡೆದುಕೊಂಡಿದೆ.

ಒಮ್ಮೆ ಸಂಸ್ಕೃತ ತುರುಕಿದ ಹಾಡೊಂದನ್ನು ಹಾಡಿದಾಗ ಅತ್ತೆ ಕೈ ನಿಲ್ಲಿಸಿ, "ಏನ್ರೀ ಅದು ಪದ? ಅನ್ನದಲ್ಲಿ ಕಲ್ಲು ಸಿಕ್ಕಂಗಾಯ್ತದೆ!" ಅಂದರು. ಮಾವ ಅಲ್ಲೇ ಹಾಳೆ ಹರಿದರು.

ಇಂಥವರ ಸೋದರಳಿಯನಾದ ನಾನು ಮ್ಯೂಸಿಕ್ ಪ್ರೊಡ್ಯೂಸರ್. ಹಾಗಂತ ಹೇಳಿದವರು ಯಾರು ಎಂದು ಕೇಳಬೇಡಿ, ನಾನೇ! ಒಂದು ಲ್ಯಾಪ್‌ಟಾಪು, ಕಿವಿಗಿಂತ ದೊಡ್ಡ ಹೆಡ್‌ಫೋನು ಇವೆ. ಹೊರಗಿನ ಸದ್ದು ಬಾರದಿರಲೆಂದು ಕೋಣೆಯ ಗೋಡೆಗೆಲ್ಲ ಕಂಬಳಿ ಹೊದಿಸಿ ಮಾಡಿದ ಮೊದಲ ರೆಕಾರ್ಡಿಂಗಿನಲ್ಲಿ ಮಾವನಿಗಿಂತ ಹಿತ್ತಲ ಹುಂಜವೇ ಸ್ಪಷ್ಟವಾಗಿತ್ತು. ಶ್ರುತಿಯಲ್ಲೂ ಇತ್ತು.

ಹುಂಜವನ್ನು ಹೇಗೋ ಅಳಿಸಿ ಆ ಹಾಡನ್ನು ಬೆಂಗಳೂರಿನ ಒಂದು ಕಂಪನಿಗೆ ಕಳಿಸಿದೆ. ಆಶ್ಚರ್ಯ ನೋಡಿ, ಫೋನು ಬಂತು! ಮಾವನಿಗೆ ಎಷ್ಟೋ ವರ್ಷದ ಮೇಲೆ ಬಂದ ಮೊದಲ ಕರೆ.

"ಹಾಡು ಸೂಪರ್ ಸರ್. ಆದ್ರೆ ತುಂಬಾ ನಿಧಾನ. ಸ್ಪೀಡ್ ಮಾಡಿ ಕೊಟ್ರೆ ರಿಲೀಸ್ ಮಾಡ್ತೀವಿ. ಜನಕ್ಕೆ ಟೈಮಿಲ್ಲ."

"ಟೈಮಿಲ್ದೋರು ಪದ ಯಾಕ್ ಕೇಳ್ತಾರೆ ಸ್ವಾಮಿ? ಗಡಿಯಾರ ನೋಡ್ಕಂಡ್ ಕೂತ್ಕಳ್ಳಿ!"

ಫೋನಿಟ್ಟು ನನಗೆ ಪಾಠ ಶುರು. "ನೋಡ್ಲಾ, ಪಲ್ಲವಿ ಅಂದ್ರೆ ಮನೆ ಜಗಲಿ ಇದ್ದಂಗೆ, ದಾರೀಲೋಗೋನೂ ಕೂರ್ಬೇಕು. ಚರಣ ಒಳಮನೆ, ಕೂತೋನು ಎದ್ದು ಬರ್ಬೇಕು. ಇವ್ರು ಜಗಲೀಲೇ ನೂಕಿ ಓಡುಸ್ತಾರೆ. ನಮ್ ಕಾಲದಾಗೆ ಟೇಪು ಸಿಕ್ಕಾಕಂಡ್ರೆ ಪೆನ್ಸಿಲ್ ಆಕಿ ಸುತ್ತಿ ಸುತ್ತಿ ಕೇಳೋರು ಕಣ್ಲಾ. ಈಗ ಬೆಳ್ಳಲ್ಲಿ ಒಂದ್ಸಲ ತಳ್ಳುದ್ರೆ ಮುಗೀತು!"

ಇಷ್ಟೆಲ್ಲ ಬೈದವರು ಸ್ವಲ್ಪ ಹೊತ್ತಿನಲ್ಲಿ ಕನ್ನಡಿ ಮುಂದೆ ನಿಂತು ಸ್ಟೇಜಿನ ಹಳೇ ಮಿಂಚಿನ ಕೋಟು ಹಾಕಿ ನೋಡುತ್ತಿದ್ದರು. ಹೊಟ್ಟೆಯ ಹತ್ತಿರ ಗುಂಡಿಗೂ ಕಾಜಕ್ಕೂ ಮಾತಿರಲಿಲ್ಲ. ಆಸೆ ಇದೆ ಅಂತಾಯಿತು! ಇದು ತಪ್ಪಿದರೆ ಇನ್ನೊಂದು ಕರೆ ಬರುವುದಿಲ್ಲ ಎಂಬುದು ಅವರಿಗೂ ಗೊತ್ತಿತ್ತು.

ಉದ್ಧಾರ ಮಾಡಲು ನಾನಿಲ್ಲವೇ? ಲ್ಯಾಪ್‌ಟಾಪಿನಲ್ಲಿ ಹಾಡಿನ ಸ್ಪೀಡು ಏರಿಸಿ, ಮಾರನೇ ದಿನ ಚಪ್ಪರಕ್ಕೆ ಸ್ಪೀಕರ್ ಹೊತ್ತುಕೊಂಡು ಹೋದೆ. ಹಾಕಿದ್ದೇ ತಡ, ಸೊಪ್ಪು ಕಟ್ಟುವ ಹುಡುಗಿಯರ ಕೈಗಳು ಹಾರತೊಡಗಿದವು. "ಸೂಪರ್ ಕಣಣ್ಣೋ!" ಎಂದಳು ಒಬ್ಬಳು. ನಾನು ಕಾಲರ್ ಎತ್ತುವಷ್ಟರಲ್ಲಿ ಅತ್ತೆಯ ದಾರ ಸಿಕ್ಕುಬಿತ್ತು, ಸೊಪ್ಪು ಜಾರಿತು. ಅವರು ಕಡ್ಡಿಯನ್ನು ಮಡಿಲಿಗೆ ಹಾಕಿಕೊಂಡು, "ನಂಗಾಗಾಕಿಲ್ಲ ಕಣಪ್ಪ, ನೀವ್ ಕಟ್ರವ್ವ" ಎಂದು ನಕ್ಕರು.

ಮಾವ ಎದ್ದು ಬಂದು ಸ್ಪೀಕರ್ ಆರಿಸಿದರು. ಅಲ್ಲೇ ನಿಂತು ಕಂಪನಿಗೆ ಫೋನ್ ಮಾಡಿ, "ಬ್ಯಾಡ ಬುಡಿ ಸ್ವಾಮಿ" ಅಂದರು. ಮುಗಿಯಿತು ನನ್ನ ಭವಿಷ್ಯ!

ಸಿಟ್ಟು ಬಂತು. ಈ ಮನುಷ್ಯ ಯಾವಾಗಿನಿಂದ ಇಷ್ಟು ಸೋಮಾರಿ ಎಂದು ಸಾಬೀತು ಮಾಡಲು ಅವರ ಹಾಡುಗಳನ್ನೆಲ್ಲ ಹಳೆಯದರಿಂದ ಹೊಸದರವರೆಗೆ ಲ್ಯಾಪ್‌ಟಾಪಿನಲ್ಲಿ ಸಾಲಾಗಿ ಜೋಡಿಸಿ ಸ್ಪೀಡು ಅಳೆದೆ. ಮೊದಲಿನವು ನನ್ನ ಸ್ಪೀಡಿಗಿಂತ ಜೋರು! ಆಮೇಲಿನವು ಒಂದಕ್ಕಿಂತ ಒಂದು ಸ್ವಲ್ಪ ಸ್ವಲ್ಪವೇ ನಿಧಾನ.

"ಏನ್ ಮಾವ, ವಯಸ್ಸಾಯ್ತಾ?" ಎಂದೆ.

"ನಂಗಲ್ಲ ಕಣ್ಲಾ. ಅವಳ ಬೆಳ್ಳು ಈಗ ಮಡಚಾಕಿಲ್ಲ." ಮಾವ ಚಪ್ಪರದ ಕಡೆ ನೋಡಿದರು. "ಅವತ್ತಿಂದ ಅವಳ ಕೈ ನೋಡ್ಕಂಡೇ ಪದ ಕಟ್ಟಿವ್ನಿ. ಈಗ ನಾನ್ ಓಡುದ್ರೆ ಅವಳೊಬ್ಳೇ ಇಂದೆ ಉಳ್ಕಂಬುಡ್ತಾಳೆ."



ಆಮೇಲೆ ಅವರು ಹೋಗಿ ಅತ್ತೆಯ ಎದುರಿಗೆ ಕೂತು ಅದೇ ಹಾಡನ್ನು ಹಾಡಿದರು. ನಾನು ಕಂಬಳಿಯಿಲ್ಲದೆ, ಹುಂಜದ ಸಮೇತ ರೆಕಾರ್ಡ್ ಮಾಡಿಕೊಂಡೆ. ಒಂದು ಸಾಲು ಮುಗಿಸಿ ಮಾವ ಉಸಿರೆಳೆದು ಕಾದರು. ಅತ್ತೆ ಊದಿದ ಬೆರಳುಗಳಿಂದ ಗಂಟು ಬಿಗಿದು, ಮುಂದಿನ ಎಲೆಗೆ ಕೈ ಚಾಚಿದರು. ಆಮೇಲೆ ಮಾವ ಎರಡನೇ ಸಾಲು ಎತ್ತಿಕೊಂಡರು.