ತಮ್ಮನ ಡಬ್ಬ, ನನ್ನ ಬೈಗುಳ

ಎತ್ತದೇ ಇರಲೆಂದೇ ಫೋನ್ ಹಾಕಿಸಿಕೊಂಡ ಮನುಷ್ಯನನ್ನು ನೀವು ಕಂಡಿದ್ದೀರಾ? ನಾನು ಕಂಡಿದ್ದೇನೆ. ನನ್ನ ಬೆನ್ನಿಗೇ ಬಿದ್ದ ತಮ್ಮ. ವಯಸ್ಸು ಅರವತ್ತು ದಾಟಿದೆ, ಬುದ್ಧಿ ಇನ್ನೂ ದಾಟಬೇಕು!

ಕೊಳ್ಳೇಗಾಲದಲ್ಲಿ ಅವನದು ಶಾಮಿಯಾನದ ವ್ಯಾಪಾರ. ಮದುವೆಗೂ ಅವನದೇ ಕುರ್ಚಿ, ಸಾವಿಗೂ ಅವನದೇ ಕುರ್ಚಿ. ನಾನಿರುವುದು ಯಳಂದೂರಿನಲ್ಲಿ, ಎಮ್ಮೆ ಕಟ್ಟಿಕೊಂಡು, ಮೊಸರು ಮಾರಿಕೊಂಡು. ನಮ್ಮ ಯಜಮಾನರು ಹೋದ ಮೇಲೆ ಈ ತಮ್ಮನಿಗೆ ಒಂದು ಹುಚ್ಚು ಹಿಡಿಯಿತು. ಹೊತ್ತಿಲ್ಲ ಗೊತ್ತಿಲ್ಲ, ಫೋನು.

"ಅಕ್ಕ, ಉಂಡ್ಯಾ?"

"ಅಕ್ಕ, ಮಾತ್ರೆ ನುಂಗ್ದ್ಯಾ?"

"ಅಕ್ಕ, ಆ ಎಮ್ಮೆ ಮಾರ್ಬುಟ್ಟು ಇಲ್ಲಿಗೇ ಬಂದ್ಬುಡು."

ಇನ್ನೊಬ್ಬರ ಮನೆಯ ಮೂಲೆಯಲ್ಲಿ ಕೂತು ಅನ್ನಕ್ಕೆ ಕಾಯುವ ಜಾತಿಯೇ ನಾನು? ಒಂದು ದಿನ ಹಾಲು ಕರೆಯುವ ಹೊತ್ತಿಗೆ ಫೋನ್ ಬಡಿದುಕೊಂಡಿತು. ಎಮ್ಮೆ ಬೆದರಿ ಒದ್ದಿತು, ಹಾಲೆಲ್ಲ ಗಂಜಲದ ಪಾಲು. ಫೋನ್ ಎತ್ತಿದವಳೇ ಹೇಳಿದೆ:

"ಲೇ, ಇನ್ನೊಂದ್ಸಲ ನನ್ ನಂಬರ್ ಒತ್ತುದ್ರೆ ಬೆರಳ್ ಮುರ್ದಾಕ್ತೀನಿ. ಇಕ್ಕು ಆಣೆ!"

ಪಾಪ, ಇಟ್ಟ. "ಮಾದಪ್ಪನಾಣೆ ಕಣಕ್ಕ, ನನ್ ಕೈಯಾರ ನಿನ್ ನಂಬರ್ ಒತ್ತಾಕಿಲ್ಲ."

ನಮ್ಮ ಕಡೆ ಮಾದಪ್ಪನ ಆಣೆಯೆಂದರೆ ಅವನೇರುವ ಹುಲಿಯಿದ್ದಂತೆ. ಯಾರೂ ಹತ್ತಿರ ಹೋಗಿ ಮುಟ್ಟಿ ನೋಡುವುದಿಲ್ಲ. ನಾನು ನೆಮ್ಮದಿಯಾಗಿ ಹಾಲು ಕರೆದೆ.

ಆಮೇಲೆ ಬಂತು ನೋಡಿ ಅವನ ಮನೆಗೆ ಆ ಡಬ್ಬ! ಬೆಲ್ಲದಚ್ಚಿನಷ್ಟು ಗಾತ್ರ, ಮೈಮೇಲೆ ಮಿಣಮಿಣ ದೀಪ. ಒಂದು ಕಡೆ ಇಂಟರ್ನೆಟ್ಟಿನ ವೈರು, ಇನ್ನೊಂದು ಕಡೆ ಅಟ್ಟದಿಂದಿಳಿಸಿದ ಹಳೇ ಫೋನು. ಮೂರನೇ ಕ್ಲಾಸಿಗೆ ಸ್ಲೇಟು ಬಿಸಾಕಿದವಳಿಗೆ ಅದರ ಒಳಗುಟ್ಟು ಏನು ತಿಳಿಯಬೇಕು? ತಿಳಿದದ್ದು ಇಷ್ಟೇ. ಫೋನ್ ಒಂದಷ್ಟು ಹೊತ್ತು ಬಡಿದುಕೊಳ್ಳುತ್ತದೆ. ಯಾರೂ ಎತ್ತದಿದ್ದರೆ ಡಬ್ಬ ತಾನೇ ಆ ಕರೆಯನ್ನು ಬೇರೆ ನಂಬರಿಗೆ ದಾಟಿಸುತ್ತದೆ. ಯಾವ ನಂಬರಿಗೆ? ನನ್ನದಕ್ಕೆ!

ಬೆಳಗಾದರೆ ಹನೂರಿನವರೊಬ್ಬರು: "ಶಾಮಿಯಾನದೋರಾ? ಇನ್ನೂರು ಕುರ್ಚಿ ಬೇಕಾಗಿತ್ತಲ್ಲ."

"ಯಾಕ್ರಪ್ಪ, ನಿಮ್ಮೂರಲ್ಲಿ ನೆಲ ಇಲ್ವಾ?"

ಹೂಗ್ಯಂನಿಂದ ಇನ್ನೊಬ್ಬ, ಮಗುವಿಗೆ ಕಿವಿ ಚುಚ್ಚುತ್ತೇವೆ, ಎಲ್ಲಕ್ಕಿಂತ ದೊಡ್ಡ ಕೊಪ್ಪರಿಗೆ ಕಳಿಸಿ ಎಂದ.

"ಕಿವಿ ಚುಚ್ಚೋದು ಮಗೀಗಾ ಆನೆಗಾ? ಚಿಕ್ಕದ್ರಲ್ಲೇ ಬೇಯ್ಸ್ಕೊ ಓಗು!"

ತಮ್ಮನಿಗೆ ಫೋನ್ ಮಾಡಿ ಉಗಿದೆ. ನಾನು ಒತ್ತಬಾರದೆಂದು ಆಣೆಯೇನೂ ಇಲ್ಲವಲ್ಲ!

"ಬೆಳಗ್ಗೆ ಬೆಳಗ್ಗೆ ಟೆಂಪೊಗೆ ಸಾಮಾನ್ ಏರ್ಸೋ ಗಲಾಟೆ ಕಣಕ್ಕ, ಫೋನ್ ಕೇಳ್ಸಾಕಿಲ್ಲ. ನೀನೇ ವಸಿ ನೋಡ್ಕೊ."

ಊರಿಗೆ ಹೋಗುವವರು ಪಕ್ಕದ ಮನೆಯಲ್ಲಿ ಎಮ್ಮೆ ಕಟ್ಟಿ ಹೋಗುವುದನ್ನು ಕಂಡಿದ್ದೇನೆ. ಅಕ್ಕನ ಮನೆಯಲ್ಲಿ ಫೋನ್ ಕಟ್ಟಿದವನು ಇವನೊಬ್ಬನೇ! ಅವನ ಹೆಂಡತಿಯನ್ನು ಕೇಳಿದರೆ ಅವಳು ಬೇರೆಯದೇ ಕಥೆ ಹೇಳಿದಳು. "ಯಾವ್ ಟೆಂಪೊ ಅತ್ಗೆ? ಕಾಫಿ ಲೋಟ ಇಡ್ಕೊಂಡು ಫೋನ್ ಮುಂದೇನೇ ಕೂತಿರ್ತಾರೆ. ಅದು ಬಡ್ಕತದೆ, ಇವ್ರು ನೋಡ್ತಾರೆ. ನಾನ್ ಎತ್ತಕ್ಕೋದ್ರೆ ಕೈ ತಳ್ತಾರೆ!"

ಸರಿ, ಇವನ ತಲೆ ಪೂರಾ ಕೆಟ್ಟಿದೆ ಎಂದುಕೊಂಡೆ.

ಬೆಳಗ್ಗೆ ಎತ್ತದವನು ಮಧ್ಯಾಹ್ನ ಎತ್ತಿ ಮಾಡುತ್ತಿದ್ದ ಘನಕಾರ್ಯವನ್ನೂ ಕೇಳಿ. ಆ ಡಬ್ಬದಲ್ಲಿ ಒಬ್ಬರ ಕರೆಯನ್ನು ಇನ್ನೊಬ್ಬರಿಗೆ ಜೋಡಿಸಿ ನಾವು ಕೆಳಗಿಟ್ಟುಬಿಡಬಹುದಂತೆ. ಇವನು ತಟ್ಟೆ ಕೇಳಿದ ಮದುವೆ ಮನೆಯವರನ್ನು ಗೋಡೌನಿಗೆ ಜೋಡಿಸಲು ಹೋಗಿ, ತಟ್ಟೆಯನ್ನೇ ಕೇಳಿದ್ದ ತಿಥಿ ಮನೆಯವರಿಗೆ ಜೋಡಿಸಿ, ಕೈ ಒರೆಸಿಕೊಂಡ. ಇವರಿಗೆ ಅವರೇ ಅಂಗಡಿ, ಅವರಿಗೆ ಇವರೇ ಅಂಗಡಿ! "ತಟ್ಟೆ ಕೊಡ್ರೀ" ಎಂದು ಇವರು, "ನೀವ್ ಕೊಡ್ರೀ" ಎಂದು ಅವರು. ಬೈದಾಡಿ ಸುಸ್ತಾದ ಮೇಲೆ ವಿಷಯ ತಿಳಿಯಿತು. ಕೊನೆಗೆ ತಿಥಿ ಮನೆಯವರು ಬಾಡಿಗೆಗೆ ತಂದ ತಟ್ಟೆಯನ್ನೇ ತೊಳೆದು ಮದುವೆ ಮನೆಗೆ ದಾಟಿಸಿದರು. ತಮ್ಮನಿಗೆ ಒಂದೇ ಬಾಡಿಗೆ!

ಹೀಗಿರುವಾಗ ನನಗೆ ಜ್ವರ ಬಂತು. ಎಂಥ ಜ್ವರವೆಂದರೆ, ಎಮ್ಮೆ ಕೂಗಿದರೂ ಏಳಲಾಗದ ಜ್ವರ. ಯಾರಿಗೂ ಹೇಳಲಿಲ್ಲ. ಹೇಳಿದರೆ ಅದೇ ನೆವದಲ್ಲಿ ಕೊಳ್ಳೇಗಾಲಕ್ಕೆ ಹೊತ್ತೊಯ್ಯುತ್ತಾನೆ. ಬೆಳಗ್ಗೆ ಫೋನ್ ಬಡಿದುಕೊಂಡಿತು. ಅದೇ ಹನೂರಿನವರು, ಮತ್ತೆ ಕುರ್ಚಿ. ಬೈಯಲು ಉಸಿರಿರಲಿಲ್ಲ.

"ಆಗ್ಲಿ ಸ್ವಾಮಿ, ಕಳ್ಸಾಕ್ ಏಳ್ತೀನಿ. ನಿಮ್ಗೆ ಒಳ್ಳೇದಾಗ್ಲಿ" ಎಂದು ಇಟ್ಟೆ.

ಕಣ್ಣು ಮುಚ್ಚಿ ತೆಗೆಯುವುದರೊಳಗೆ ಬಾಗಿಲಲ್ಲಿ ಟೆಂಪೊ ಸದ್ದು. ಅದರ ತುಂಬ ಕುರ್ಚಿ, ಗಳ, ಶಾಮಿಯಾನದ ಬಟ್ಟೆ. ಸಾಮಾನು ಇಳಿಸುವಷ್ಟೂ ತಾಳ್ಮೆಯಿಲ್ಲದೆ ತಮ್ಮ ಹಾಗೇ ಓಡಿಸಿಕೊಂಡು ಬಂದಿದ್ದ. ಜ್ವರದ ಮುದುಕಿಯ ಮನೆ ಮುಂದೆ ಶಾಮಿಯಾನದ ಗಾಡಿ ನಿಂತರೆ ಬೀದಿಯವರು ಏನು ತಿಳಿಯಬೇಕು ಹೇಳಿ? ಒಬ್ಬ ಹೂವಿನ ಹಾರಕ್ಕೆ ಓಡಿದ. ಕೋಳಿ ಜಗಳದಲ್ಲಿ ನನ್ನೊಂದಿಗೆ ಮಾತು ಬಿಟ್ಟಿದ್ದ ಎದುರು ಮನೆಯವಳು ಎದೆ ಬಡಿದುಕೊಂಡು ಬಂದಳು. "ಅಯ್ಯೋ ನನ್ನವ್ವ! ನಿನ್ನಂತ ಗುಣವಂತೆ ಈ ಬೀದೀಲಿ ಯಾರಿದ್ರವ್ವ!"

ನಾನು ಒಳಗಿಂದ ಇದ್ದಬದ್ದ ಶಕ್ತಿಯನ್ನೆಲ್ಲ ಸೇರಿಸಿ ಕೂಗಿದೆ: "ಈ ಮಾತ ಬದ್ಕಿದ್ದಾಗ ಏಳೋಕೆ ಏನ್ ರೋಗ ಬಂದಿತ್ತೇ ನಿಂಗೆ?"

ಎದುರು ಮನೆಯವಳು ಸೆರಗು ಸರಿಮಾಡಿಕೊಂಡು ಬಂದ ದಾರಿ ಹಿಡಿದಳು. ತಮ್ಮ ಮಾತ್ರ ಹೊಸ್ತಿಲ ಮೇಲೆ ಕುಸಿದು ಕೂತ. "ಬೈತಾವ್ಳೆ! ನಮ್ಮಕ್ಕ ಬೈತಾವ್ಳೆ!" ಎಂದು ಟವೆಲ್ಲಿನಿಂದ ಮುಖ ಒರೆಸಿಕೊಂಡ.

"ಯಾರ್ಲಾ ಏಳುದ್ದು ನಿಂಗೆ, ನಂಗ್ ಉಸಾರಿಲ್ಲ ಅಂತ?"

"ಅನೂರೋರು ಕಣಕ್ಕ, ಕುರ್ಚಿ ಕೇಳ್ದೋರು. ನಿನ್ ತಾವ ಬೈಸ್ಕೊಂಡೋರೆಲ್ಲ ಆಮೇಲೆ ನನ್ನ್ ಬಯ್ಯಕ್ಕೆ ಫೋನ್ ಮಾಡ್ತಾರೆ. ಆಗ ನಾನೇ ಎತ್ತಿ, ಜೋರಾಗ್ ಬೈದ್ಲಾ ಅಂತ ಕೇಳ್ತೀನಿ. ಬೈದ್ಲು ಅಂದ್ರೆ ಚೆನ್ನಾಗವ್ಳೆ ಅಂತ ತಿಂಡಿ ತಿಂತೀನಿ. ಇವತ್ತು ಅವ್ರು ಕುರ್ಚಿ ಯಾವಾಗ್ ಬತ್ತದೆ ಅಂತ ಕೇಳಾಕ್ ಮಾಡಿ, ನಿಮ್ಮಕ್ಕ ಬಾಳ ಮರ್ವಾದೆಯಾಗಿ ಮಾತಾಡುದ್ರು ಅಂದ್ಬುಟ್ರು. ನನ್ ಜೀವ ಬಾಯಿಗ್ ಬಂದ್ಬುಡ್ತು!"

"ಮಾದಪ್ಪನಾಣೆ ಏನಾಯ್ತಲಾ ಕಳ್ಳ?"

"ನಾನೆಲ್ಲಕ್ಕ ಒತ್ತಿದೆ? ನಿನ್ ನಂಬರ್ ಒತ್ತಿದ್ದು ಡಬ್ಬ ಹಾಕಾಕ್ ಬಂದೋನು. ದಿನಾ ಮಾಡೋದು ಡಬ್ಬ!"

ಜ್ವರ ಬಿಡುವವರೆಗೂ ಇಲ್ಲೇ ಇದ್ದ. ಗಂಜಿ ಕಾಯಿಸಿ ಸೀಯಿಸಿದ, ಎಮ್ಮೆಯ ಕೈಲಿ ಒದೆಸಿಕೊಂಡ. ಕೊಳ್ಳೇಗಾಲಕ್ಕೆ ಬಾ ಎಂದು ಮಾತ್ರ ಒಮ್ಮೆಯೂ ಅನ್ನಲಿಲ್ಲ. ಹೊರಡುವಾಗ, ಆ ಡಬ್ಬ ಕಿತ್ತು ಬಿಸಾಕು ಎನ್ನಲು ಬಾಯಿ ತೆರೆದೆ. ಏನೋ, ಹಾಗೇ ಮುಚ್ಚಿದೆ.

ಇವತ್ತು ಬೆಳಗ್ಗೆ ಯಾರೋ ಮೆತ್ತನೆಯ ದನಿಯವರು, ನಾಮಕರಣಕ್ಕೆ ನಾಲ್ಕು ಕುರ್ಚಿ ಸಾಕು ತಾಯಿ ಎಂದರು. ಬೈಯಲು ಒಂದು ಕಾರಣವೂ ಸಿಗಲಿಲ್ಲ. ಆದರೂ ಕುರ್ಚಿಯಿಂದ ಹಿಡಿದು ಅವರ ಕುಲದವರೆಗೆ ಗಂಟಲು ನೋಯುವಷ್ಟು ಬೈದೆ. ಪಾಪ, ಬೆಪ್ಪಾಗಿ ಕೇಳುತ್ತಿದ್ದರು.

"ಕೊಳ್ಳೇಗಾಲದೋನ್ಗೆ ಇನ್ನೊಂದ್ಸಲ ಫೋನ್ ಮಾಡ್ತೀರಲ್ವಾ?" ಎಂದೆ ಆಮೇಲೆ. "ಬೈದ್ಲು ಅಂತ ಏಳಿ. ಬೇಗ ಏಳಿ, ತಿಂಡಿ ತಿನ್ನದೆ ಕೂತಿರ್ತಾನೆ."